ನಾಲ್ಕು ಜಿಬಿಯ ಆಚೆ

ಜನವರಿ 11

ಅಕ್ಕನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೊದಲ ವರ್ಷ ಹತ್ತಾರು ಸಲ ಮಾಡಿ ನೋಡಿದೆ, ಆಮೇಲೆ ಬಿಟ್ಟೆ. ಕಾಗದವಾದರೆ ಹರಿದು ಹಾಕುವ ಮೊದಲು ಒಂದು ಸಲವಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಆದ್ದರಿಂದ ನೇರ ಕೆಲಸದ ಮಾತಿಗೆ ಬರುತ್ತೇನೆ.

ನಾನಿನ್ನೂ ಅದೇ ಆಸ್ಪತ್ರೆಯಲ್ಲಿ, ಪ್ರಯೋಗಾಲಯದ ಹಿಂದಿನ ಅದೇ ಕಿಟಕಿಯಿಲ್ಲದ ಕೋಣೆಯಲ್ಲಿದ್ದೇನೆ. ನೀನು ರಕ್ತದ ಟ್ಯೂಬು ಇಡುತ್ತಿದ್ದ ಯಂತ್ರ ಇದೆ, ಅದಕ್ಕೆ ಜೋಡಿಸಿದ ಕಂಪ್ಯೂಟರ್ ಇದೆ, ಅದರ ಕರ್ನಲ್ ನೋಡಿಕೊಳ್ಳುವುದು ಈಗಲೂ ನನ್ನ ತಲೆಗೇ ಕಟ್ಟಿದೆ. ಕರ್ನಲ್ ಅಂದರೆ ಮಿಲಿಟರಿಯವನೇನೋ ಎಂದು ನೀನು ರೇಗಿಸುತ್ತಿದ್ದೆ. ಅಲ್ಲ, ಕಂಪ್ಯೂಟರಿನ ಒಳಗಿನ ಮೇಸ್ತ್ರಿ, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಎಂದು ಹಂಚಿಕೊಡುವವನು ಎಂದು ನಾನು ಹೇಳುತ್ತಿದ್ದೆ.

ಈಗ ಆ ಮೇಸ್ತ್ರಿಗೆ ಹಂಚಲು ಸಾಲುತ್ತಿಲ್ಲ. ಡಬ್ಬಿಯೊಳಗೆ ಎಂಟು ಜಿಬಿ ಮೆಮೊರಿ ಕೂತಿದೆ, ಆದರೆ ಕರ್ನಲ್ ನಾಲ್ಕರ ಆಚೆ ಕೈ ಚಾಚುವುದಿಲ್ಲ. ಚಾಚಬೇಡ ಎಂದು ಹೇಳುವ ಸಾಲು ಬರೆದಿಟ್ಟವನು ನಾನೇ, ಹನ್ನೊಂದು ವರ್ಷದ ಹಿಂದೆ, ನಿನ್ನ ಮೇಲೆ ತನಿಖೆ ನಡೆದ ವಾರ. ಪಕ್ಕದಲ್ಲಿ 'ತಾತ್ಕಾಲಿಕ' ಎಂಬ ಟಿಪ್ಪಣಿ ಬೇರೆ ಇದೆ. ಈಗ ಅದನ್ನು ತೆಗೆಯಬೇಕು.

ಆ ಮಿತಿಯಿಲ್ಲದೆ, ಎಂಟೂ ಜಿಬಿ ಬಳಸಿ ಈ ಯಂತ್ರ ಓಡಿದ್ದು ಆ ತಿಂಗಳ ಹತ್ತೊಂಬತ್ತು ದಿನ ಮಾತ್ರ. ಆಗಿನ ದಾಖಲೆಗಳನ್ನು ಜಾಗಕ್ಕಾಗಿ ಎಂದೋ ಅಳಿಸಿದ್ದಾರೆ. ನೀನು ಪ್ರತಿಯೊಂದು ಫಲಿತಾಂಶವನ್ನೂ ಬಂದ ಹೊತ್ತಿನ ಸಮೇತ ಕೈಯಲ್ಲಿ ಬರೆದಿಡುತ್ತಿದ್ದ ಬೂದು ರಟ್ಟಿನ ಪುಸ್ತಕ ಇನ್ನೂ ನಿನ್ನ ಬಳಿ ಇದ್ದರೆ ಕಳಿಸುತ್ತೀಯಾ? ಆಗ ಅದು ಎಷ್ಟು ವೇಗವಾಗಿ ಓಡಿತ್ತು ಎಂದು ನೋಡಬೇಕು.

ನಿನ್ನ ತಮ್ಮ


ಫೆಬ್ರವರಿ 2

ತಮ್ಮ ಎನಿಸಿಕೊಂಡವನಿಗೆ,

ಓದಿದೆ. ಹರಿದು ಹಾಕಲಿಲ್ಲ, ಸಂತೋಷಪಡು.

ಹನ್ನೊಂದು ವರ್ಷದ ಮೇಲೆ ಅಕ್ಕ ನೆನಪಾದದ್ದು ಕಂಪ್ಯೂಟರಿಗೆ ಮೆಮೊರಿ ಸಾಲದೆ ಹೋದಾಗ. ಭೇಷ್. ಪುಸ್ತಕ ಇದೆ. ತನಿಖೆಯ ದಿನ ಅದನ್ನು ತೆಗೆದುಕೊಂಡು ಹೋಗಿದ್ದೆ. ಕೈಬರಹ ಸಾಕ್ಷಿಯಾಗುವುದಿಲ್ಲ ಎಂದು ದೊಡ್ಡ ಡಾಕ್ಟರು ಮುಚ್ಚಿ ವಾಪಸು ಕೊಟ್ಟರು. ನೀನೂ ಅದೇ ಮೇಜಿಗೆ ಕೂತಿದ್ದೆ, ಪೆನ್ನಿನ ಮುಚ್ಚಳ ತಿರುಗಿಸುತ್ತಾ. ಅಂದು ಯಾರಿಗೂ ಬೇಡವಾದದ್ದು ಇಂದು ನಿನಗೆ ಬೇಕಾಯಿತೇ?

ಕಳಿಸುವುದಿಲ್ಲ. ನಾನು ಅದನ್ನು ತೆರೆಯುವುದೂ ಇಲ್ಲ. ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದೇನೆ, ಅಲ್ಲೇ ಇರಲಿ.

ಅಕ್ಕ


ಫೆಬ್ರವರಿ 10

ಅಕ್ಕನಿಗೆ,

ನೀನು ಬೈದದ್ದು ಸರಿ. ಮುಚ್ಚಳ ತಿರುಗಿಸುತ್ತಿದ್ದದ್ದೂ ನಿಜ. ಆದರೂ ಇನ್ನೊಂದು ಸಲ ಕೇಳುತ್ತೇನೆ, ಬೇರೆ ದಾರಿ ಇಲ್ಲ.

ಕಳೆದ ವಾರದಲ್ಲಿ ಮೂರು ಸಲ ಯಂತ್ರ ಮಧ್ಯಾಹ್ನದ ಹೊತ್ತಿಗೆ ನಿಂತಿತು. ಮೆಮೊರಿ ಪೂರ್ತಿ ಖಾಲಿಯಾದಾಗ ಕರ್ನಲ್ ಒಂದು ಕೆಲಸ ಮಾಡುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳಲ್ಲಿ ಒಂದನ್ನು ಆರಿಸಿ ಕೊಂದುಬಿಡುತ್ತದೆ, ಉಳಿದವು ಬದುಕಲಿ ಎಂದು. ತಪ್ಪು ಯಾರದು ಎಂದು ಅದು ನೋಡುವುದಿಲ್ಲ, ಯಾರನ್ನು ತೆಗೆದರೆ ಜಾಗ ಆಗುತ್ತದೆ ಎಂದಷ್ಟೇ ನೋಡುತ್ತದೆ. ಪ್ರತಿ ಸಲವೂ ಅದು ಫಲಿತಾಂಶ ಓದುವ ಪ್ರೋಗ್ರಾಮನ್ನೇ ಆರಿಸುತ್ತಿದೆ. ಹೊರಗೆ ಜನ ತೋಳಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ಈಗಿನ ಟೆಕ್ನೀಷಿಯನ್ ಬಂದು ಬಾಗಿಲು ಬಡಿದು "ಸರ್, ಮತ್ತೆ ಸತ್ತೋಯ್ತು" ಅನ್ನುತ್ತಾರೆ. ನಾನು ಎದ್ದು ಮತ್ತೆ ಶುರು ಮಾಡುತ್ತೇನೆ. ದಿನವೆಲ್ಲಾ ಇದೇ ಆಗಿಹೋಗಿದೆ, ನನಗೂ ಸಾಕಾಗಿದೆ.

ನನಗಾಗಿ ಬೇಡ, ಆ ಬೆಂಚಿನ ಮೇಲಿನವರಿಗಾಗಿ ಕಳಿಸು.

ತಮ್ಮ


ಫೆಬ್ರವರಿ 27

ತಮ್ಮಾ,

ಜಾಗ ಮಾಡಲು ಒಬ್ಬರನ್ನು ಆರಿಸಿ ತೆಗೆಯುತ್ತದೆ, ತಪ್ಪು ಯಾರದು ಎಂದು ನೋಡುವುದಿಲ್ಲ ಎಂದು ನನಗೆ ಬರೆಯುವಾಗ ನಿನ್ನ ಕೈ ತಡೆಯಲಿಲ್ಲವೇ? ನೀನು ಮೊದಲಿಂದಲೂ ಹೀಗೇ. ಯಂತ್ರದ ಸಂಕಟ ನಿನಗೆ ಥಟ್ಟನೆ ತಿಳಿಯುತ್ತದೆ.

ಬೆಂಚಿನ ಮೇಲಿನವರ ಹೆಸರು ಹೇಳಿದೆಯಲ್ಲ, ಅದಕ್ಕೆ ಕಳಿಸುತ್ತಿದ್ದೇನೆ. ಬಟ್ಟೆ ಬಿಚ್ಚಿ, ತೆರೆಯದೆ, ಹಾಗೇ ಪಾರ್ಸಲ್ ಕಟ್ಟಿದೆ. ಕೆಲಸ ಮುಗಿದ ಮೇಲೆ ವಾಪಸು ಬರಬೇಕು.

ಕೇಳದಿದ್ದರೂ ಹೇಳುತ್ತೇನೆ, ನಾನೀಗ ಒಂದು ಲಾಂಡ್ರಿಯಲ್ಲಿದ್ದೇನೆ. ಬಂದ ಬಟ್ಟೆಗೆ ನಂಬರಿನ ಚೀಟಿ ಹಾಕುವುದು, ಹೋಗುವಾಗ ನಂಬರು ನೋಡಿ ಕೊಡುವುದು. ಒಂದೊಂದು ಚೀಟಿಯನ್ನೂ ಮೂರು ಸಲ ನೋಡದೆ ಕೈಬಿಡುವುದಿಲ್ಲ. ಬಾಗಿಲಿನ ತನಕ ಸಾಲು ನಿಂತರೂ ಅಷ್ಟೇ. ಅಲ್ಲಿ ಯಾರಿಗೂ ನನ್ನ ಹೆಸರು ಬೇಕಾಗಿಲ್ಲ, 'ಮೂರ್ಸಲ' ಎಂದೇ ಕೂಗುತ್ತಾರೆ. ನನ್ನ ಹಳೆಯ ಕೆಲಸ ಗೊತ್ತಿರುವ ಇಸ್ತ್ರಿಯವನು "ಮೂರ್ಸಲಕ್ಕಾ, ಇದು ಲುಂಗಿ, ರಕ್ತ ಅಲ್ಲ" ಅನ್ನುತ್ತಾನೆ. ನಾನೂ ನಕ್ಕುಬಿಡುತ್ತೇನೆ.

ಅಕ್ಕ


ಏಪ್ರಿಲ್ 6

ಅಕ್ಕನಿಗೆ,

ಪುಸ್ತಕ ವಾಪಸು ಕಳಿಸುತ್ತಿದ್ದೇನೆ. ತುಂಬಾ ಉಪಕಾರವಾಯಿತು. ಮಿತಿ ತೆಗೆಯುವುದು ಬೇಡ ಎಂದು ತೀರ್ಮಾನಿಸಿದ್ದೇವೆ. ಕೆಲವು ಪ್ರೋಗ್ರಾಮುಗಳನ್ನು ಬೇರೆ ಕಂಪ್ಯೂಟರಿಗೆ ಸಾಗಿಸುತ್ತೇವೆ. ಹೇಗೋ ನಡೆಯುತ್ತದೆ.

ಇಲ್ಲಿ ವಿಪರೀತ ಕೆಲಸ. ಹೆಚ್ಚು ಬರೆಯಲು ಆಗುತ್ತಿಲ್ಲ.

ತಮ್ಮ


ಏಪ್ರಿಲ್ 20

ತಮ್ಮಾ,

ಪುಸ್ತಕ ಬಂತು. ನೀನು ಮಾತು ಮುಗಿಸಿದ ರೀತಿ ನೋಡಿ ಅನುಮಾನ ಬಂತು. ಚಿಕ್ಕಂದಿನಲ್ಲಿ ಏನಾದರೂ ಒಡೆದು ಬಂದಾಗಲೂ ಹೀಗೇ ಚಿಕ್ಕ ಚಿಕ್ಕ ಮಾತಾಡುತ್ತಿದ್ದೆ. ಹಾಗಾಗಿ ಹನ್ನೊಂದು ವರ್ಷದ ಮೇಲೆ ಮೊದಲ ಸಲ ಆ ಪುಸ್ತಕ ತೆರೆದೆ.

ಪೆನ್ಸಿಲ್ಲಿನಲ್ಲಿ ಏಳು ಚುಕ್ಕೆ ಇಟ್ಟಿದ್ದೀಯ. ಒರೆಸಲು ಮರೆತೆಯಾ, ಮನಸ್ಸಾಗಲಿಲ್ಲವಾ? ಒಂದು ಚುಕ್ಕೆ ನನಗೆ ಗೊತ್ತಿರುವ ಸಾಲಿನ ಮುಂದಿದೆ. ಆ ದರ್ಜಿಯ ಸಾಲು. ಅವರ ರಕ್ತದಲ್ಲಿ ಪೊಟ್ಯಾಷಿಯಂ ಏಳು ದಾಟಿತ್ತು, ಹೃದಯ ನಿಲ್ಲಿಸುವಷ್ಟು; ಯಂತ್ರ ಎಲ್ಲರಿಗೂ ಇರುವಂಥ ನಾಲ್ಕು ಎಂದು ತೋರಿಸಿತು. ವಾರ್ಡಿನವರು ನಾಲ್ಕನ್ನು ನಂಬಿ ಸುಮ್ಮನಿದ್ದರು, ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಅವರಿಗೆ ಬಂದ ಅಂಕಿ ಅವರಿಗಿಂತ ಮುಂಚಿನ ಹೆಂಗಸಿನದೇ ಅಂಕಿ ಎಂದು ಗೊತ್ತಾದಾಗ, ನಾನು ಒಬ್ಬರ ರಕ್ತವನ್ನೇ ಎರಡು ಸಲ ಇಟ್ಟಿದ್ದೇನೆ ಎಂದು ಎಲ್ಲರೂ ಒಪ್ಪಿದರು.

ಉಳಿದ ಆರು ಸಾಲು ಯಾವುವು? ನೋಡಿದೆ. ಮೂರು ಸಲ ನೋಡಿದೆ. ಪ್ರತಿ ಚುಕ್ಕೆಯ ಮುಂದೆಯೂ ಮೇಲಿನ ಸಾಲಿನ ಮೂರೂ ಪರೀಕ್ಷೆಯ ಅಂಕಿಗಳೇ ಮತ್ತೆ ಬಂದಿವೆ, ದಶಾಂಶ ಸಮೇತ. ಅಂದು ಎಲ್ಲರೂ ಒಂದೇ ಸಾಲು ನೋಡಿದರು. ನಾನೂ ಅದೊಂದನ್ನೇ ನೋಡಿದೆ. ಆ ಏಳರಲ್ಲಿ ಒಂದು ಚುಕ್ಕೆ ಇರುವ ಭಾನುವಾರ ನಾನು ಕೆಲಸಕ್ಕೇ ಬಂದಿರಲಿಲ್ಲ ಕಣೋ. ಅಂದಿನ ಪುಟ ಇನ್ನೊಬ್ಬಳ ಅಕ್ಷರದಲ್ಲಿದೆ.

ನಿನಗೆ ಏನು ಗೊತ್ತಾಯಿತು?

ಅಕ್ಕ


ಜೂನ್ 14

ಅಕ್ಕ,

ಎಂಟು ವಾರ ಉತ್ತರ ಬರೆಯಲಿಲ್ಲ. ಪ್ರತಿ ಭಾನುವಾರ ಕಾಗದ ಮುಂದಿಟ್ಟುಕೊಂಡು ಕೂತೆ, ಎದ್ದೆ. ಇವತ್ತು ಬರೆದೇ ಏಳುತ್ತೇನೆ.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಮಿತಿ ತೆಗೆದೆ. ಎಚ್ಚರಿಕೆಗೆಂದು ಪ್ರತಿ ಟ್ಯೂಬನ್ನೂ ಪಕ್ಕದ ಚಿಕ್ಕ ಯಂತ್ರದಲ್ಲೂ ಇಟ್ಟು ನೋಡಿ ಎಂದು ಟೆಕ್ನೀಷಿಯನ್‌ಗೆ ಹೇಳಿದ್ದೆ. ಮೂರೂ ಇಪ್ಪತ್ತಕ್ಕೆ ಅವರು ಬಂದು "ಸರ್, ಈ ಅಜ್ಜಿಗೆ ಮುಂಚಿನವರದ್ದೇ ಅಂಕಿ ಬಂದಿದೆ" ಅಂದರು. ತಕ್ಷಣ ಮಿತಿ ವಾಪಸು ಹಾಕಿದೆ. ಅಜ್ಜಿಗೆ ಸರಿಯಾದ ಫಲಿತಾಂಶವೇ ಹೋಯಿತು, ಯಾರಿಗೂ ತೊಂದರೆಯಾಗಲಿಲ್ಲ.

ಏನಾಗಿದೆ ಎಂದರೆ, ರಕ್ತದ ಯಂತ್ರದಿಂದ ಅಂಕಿ ತಂದು ಕಂಪ್ಯೂಟರಿನ ಮೆಮೊರಿಯಲ್ಲಿ ಇಡುವ ಡಬ್ಬಿಯೊಳಗೆ ಸಿಕ್ಕಿಸಿದ ಒಂದು ಹಳೆಯ ಕಾರ್ಡು ಇದೆ. ಅದನ್ನು ಅಂಚೆಯವನು ಅಂದುಕೊ. ಅವನಿಗೆ ಮನೆ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಓದಲು ಬರುತ್ತದೆ. ಊರಲ್ಲಿ ಸಾವಿರಕ್ಕಿಂತ ಕಡಿಮೆ ಮನೆ ಇರುವ ತನಕ ತೊಂದರೆಯಿಲ್ಲ. ಸಾವಿರದ ಹನ್ನೆರಡನೇ ಮನೆಗೆ ಕಾಗದ ಕೊಟ್ಟರೆ ಹನ್ನೆರಡನೇ ಮನೆಗೆ ಎಸೆದು ಬರುತ್ತಾನೆ, ಕೊಟ್ಟೆ ಅನ್ನುತ್ತಾನೆ. ಸಾವಿರದ ಹನ್ನೆರಡರಲ್ಲಿ ಸ್ವಲ್ಪ ಮುಂಚೆ ಬಂದ ಯಾರದೋ ಹಳೆಯ ಕಾಗದ ಬಿದ್ದಿರುತ್ತದೆ. ಅದನ್ನೇ ಹೊಸದು ಎಂದು ಓದುತ್ತಾರೆ. ನಾಲ್ಕು ಜಿಬಿಯ ಒಳಗೆ ಈ ಕಾರ್ಡು ಸರಿ, ಆಚೆ ಹೋದರೆ ಹೀಗೆ. ಅವನಿಗೆ ದೊಡ್ಡ ನಂಬರು ಕೊಡಬೇಡ ಎಂದು ಕರ್ನಲ್ಲಿಗೆ ಹೇಳಬೇಕಾಗಿದ್ದವನು ನಾನು. ಹೇಳಿರಲಿಲ್ಲ. ಹೊಸ ಮೆಮೊರಿ ಹಾಕಿಸಿದ್ದು ಆ ತಿಂಗಳ ಮೂರನೇ ತಾರೀಕು. ನಾನು ಮಿತಿ ಹಾಕಿದ್ದು ಇಪ್ಪತ್ತೆರಡಕ್ಕೆ. ನಿನ್ನ ಪುಸ್ತಕದ ಏಳೂ ಚುಕ್ಕೆ ಅವೆರಡರ ನಡುವೆ ಇವೆ.

ಇನ್ನೂ ಒಂದಿದೆ, ಅದನ್ನು ಬರೆಯುವುದೇ ಕಷ್ಟ. ದರ್ಜಿ ತೀರಿಕೊಂಡ ಮೇಲೆ ಯಂತ್ರ ಪರೀಕ್ಷಿಸು ಎಂದು ನನಗೆ ಹೇಳಿದರು. ಹೊಸ ಮೆಮೊರಿಯಿಂದ ಏನಾದರೂ ಎಡವಟ್ಟಾಯಿತೇ ಎಂಬ ಅನುಮಾನ ನನಗೆ ಆಗಲೇ ಇತ್ತು. ಅದಕ್ಕೇ ಮೊದಲು ಮಿತಿ ಹಾಕಿದೆ. ಆಮೇಲೆ ಪರೀಕ್ಷೆಗೆ ಕೂತೆ. ಮೂರು ದಿನ, ನಾನೂರು ಟ್ಯೂಬು, ಒಂದೂ ತಪ್ಪು ಬರಲಿಲ್ಲ. ಬರುವುದು ಹೇಗೆ? ರೋಗಕ್ಕೆ ಮದ್ದು ಕೊಟ್ಟು ಆಮೇಲೆ ಜ್ವರ ನೋಡಿದ್ದೆ. ತನಿಖೆಯಲ್ಲಿ ಯಂತ್ರದಲ್ಲಿ ದೋಷವಿಲ್ಲ ಅಂದೆ. ಮಿತಿ ಹಾಕಿದ್ದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ನೀನು ಹೋದ ಮೇಲೆ ತಪ್ಪು ನಿಂತುಹೋಯಿತು, ನೋಡಿ, ಅವಳ ಕೈಯೇ ಸರಿಯಿರಲಿಲ್ಲ ಎಂದು ಎಲ್ಲರೂ ಅಂದರು. ನಾನೂ ಅದನ್ನೇ ನಂಬಿದೆ. ನಂಬುವುದು ಹಗುರವಾಗಿತ್ತು.

ಮಾರ್ಚ್‌ನಿಂದ ಇದು ನನಗೆ ಗೊತ್ತು. ಆದರೂ ಏಪ್ರಿಲ್‌ನಲ್ಲಿ ನಿನಗೆ ಆ ಸುಳ್ಳು ಕಾಗದ ಬರೆದೆ. ಹೆದರಿದ್ದೆ. ಇನ್ನೂ ಹೆದರಿದ್ದೇನೆ.

ತಮ್ಮ


ಜೂನ್ 30

ತಮ್ಮಾ,

ನಿನ್ನ ಕಾಗದ ಓದಿ ಸಿಟ್ಟು ಬರಲಿ ಎಂದು ಕಾದೆ. ಎರಡು ವಾರ ಕಾದರೂ ಬರಲಿಲ್ಲ, ಬರೀ ಸುಸ್ತು. ಲಾಂಡ್ರಿಯಲ್ಲಿ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತವಳು ಏಳಲಾರದೆ ಹೋದೆ. ಇಸ್ತ್ರಿಯವನೇ ಮನೆಗೆ ಕಳಿಸಿದ.

ನೀನು ತಿಳಿದುಕೊಂಡದ್ದು ಒಂದು, ಇದ್ದದ್ದು ಇನ್ನೊಂದು. ನನ್ನ ವಿರುದ್ಧ ಹೇಳಿದೆ ಎಂಬ ಕೋಪಕ್ಕೆ ನಾನು ಫೋನ್ ಎತ್ತುತ್ತಿಲ್ಲ ಎಂದು ನೀನು ತಿಳಿದಿದ್ದೆ. ಅಲ್ಲವೋ. ನೀನು ಹೇಳಿದ್ದು ನಿಜ ಎಂದು ನಾನು ನಂಬಿದ್ದೆ. ಮೂರು ದಿನ, ನಾನೂರು ಟ್ಯೂಬು, ಒಂದೂ ತಪ್ಪಿಲ್ಲ ಎಂದು ನನ್ನ ತಮ್ಮನೇ ಹೇಳುವಾಗ ಮತ್ತೆ ಯಾರನ್ನು ನಂಬಲಿ? ಎರಡು ಸಲ ಇಟ್ಟ ನೆನಪು ನನಗಿರಲಿಲ್ಲ. ಆಮೇಲಾಮೇಲೆ ಇಟ್ಟ ಹಾಗೆ ನೆನಪೂ ಬರತೊಡಗಿತು. ನನ್ನ ಕೈ, ಆ ಟ್ಯೂಬು, ಎಲ್ಲವೂ ಕಣ್ಣಿಗೆ ಕಟ್ಟಿದಂತೆ. ನಿನ್ನ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಫೋನ್ ಎತ್ತದಿದ್ದದ್ದು ಅದಕ್ಕೆ.

ಯಾರಿಗೂ ಹೇಳದ ಮಾತೊಂದು ಹೇಳುತ್ತೇನೆ. ಆ ದರ್ಜಿಯ ಹೆಂಡತಿಯ ಮನೆಗೆ ನಾನು ಪ್ರತಿ ಗುರುವಾರ ಹೋಗುತ್ತೇನೆ. ಹನ್ನೊಂದು ವರ್ಷದಿಂದ. ಮೊದಲ ದಿನವೇ ನಾನು ಯಾರು ಎಂದು ಹೇಳಿದೆ. ಮುಖಕ್ಕೆ ಬಾಗಿಲು ಹಾಕಿದರು. ಮುಂದಿನ ಗುರುವಾರ ಮತ್ತೆ ಹೋದೆ, ಮತ್ತೆ ಹಾಕಿದರು. ಹಾಗೇ ವರ್ಷಗಳು. ಒಂದು ದಿನ ಬಾಗಿಲು ಹಾಕದೆ ಒಳಗೆ ಹೋದರು, ನಾನೂ ಹಿಂದೆ ಹೋದೆ. ಈಗ ಅವರ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡುತ್ತೇನೆ, ಮಾತ್ರೆ ಎಣಿಸಿ ಡಬ್ಬಿಗೆ ತುಂಬುತ್ತೇನೆ, ಅದನ್ನೂ ಮೂರು ಸಲ. "ಆಗೋಗಿದ್ದು ಆಗೋಯ್ತು ಬಿಡಮ್ಮಾ" ಅನ್ನುತ್ತಾರೆ.

ಈಗ ಹೇಳು, ಮುಂದಿನ ಗುರುವಾರ ನಾನು ಯಾರಾಗಿ ಹೋಗಲಿ?

ಅಕ್ಕ


ಜುಲೈ 18

ಅಕ್ಕ,

ನಿನ್ನ ಕಾಗದ ಬಂದ ಮರುದಿನವೇ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬರೆದೂ ಕೊಟ್ಟೆ, ಮಿತಿ ಹಾಕಿದ ತಾರೀಕು, ಪರೀಕ್ಷೆಯ ತಾರೀಕು, ಎರಡನ್ನೂ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಇಷ್ಟು ವರ್ಷ ಆದ್ಮೇಲೆ ಯಾಕ್ರೀ ಇದನ್ನೆಲ್ಲ ಕೆದಕ್ತೀರಾ? ಈಗ ನಡೀತಾ ಇದೆ ತಾನೇ?" ಅಂದರು. ನಡೆಯುತ್ತಿದೆ ಸಾರ್, ನನ್ನ ಅಕ್ಕನ ತಲೆಯ ಮೇಲೆ ನಡೆಯುತ್ತಿದೆ ಅಂದೆ. ಆ ಧೈರ್ಯ ಎಲ್ಲಿಂದ ಬಂತೋ, ಹನ್ನೊಂದು ವರ್ಷ ತಡವಾಗಿ ಬಂತು.

ನಿನ್ನೆ ಆದೇಶವಾಯಿತು. ನಿನ್ನ ಮೇಲಿನ ಆರೋಪ ರದ್ದಾಗಿದೆ, ಪ್ರತಿ ನಿನಗೂ ಬರುತ್ತದೆ. 'ತಾಂತ್ರಿಕ ಕಾರಣ' ಎಂದಷ್ಟೇ ಬರೆದಿದ್ದಾರೆ, ನನ್ನ ಹೆಸರಿಲ್ಲ. ಹೆಸರು ಹಾಕಿ ಎಂದು ಕೇಳಿದೆ, ಅದರ ಅಗತ್ಯವಿಲ್ಲ ಅಂದರು. ನನ್ನನ್ನು ಯಂತ್ರದ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಹೋಗುವ ಮೊದಲು ಕಾರ್ಡಿನ ವಿಷಯವನ್ನು ಕರ್ನಲ್ಲಿಗೆ ಸರಿಯಾಗಿ ಹೇಳಿಕೊಟ್ಟು, ಎಂಟೂ ಜಿಬಿ ಬಿಟ್ಟು, ಒಂದು ವಾರ ಎರಡೂ ಯಂತ್ರದಲ್ಲಿ ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಮಾಡಿದ್ದು ಎರಡೇ ದಿನದ ಕೆಲಸ.

ಗುರುವಾರ ಆ ಮನೆಗೆ ಹೋದೆಯಾ? ಬರೆದು ತಿಳಿಸು.

ತಮ್ಮ


ಆಗಸ್ಟ್ 5

ತಮ್ಮಾ,

ಆದೇಶ ಬಂತು. ಒಂದೂವರೆ ಸಾಲು. ಮಡಿಚಿ ಪುಸ್ತಕದೊಳಗೆ ಇಟ್ಟೆ. ಬೇಕಿದ್ದರೆ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಇನ್ನೊಂದು ಚೀಟಿಯೂ ಇತ್ತು. ಈ ವಯಸ್ಸಿನಲ್ಲಿ ಬೇಡ. ಒಂದು ಟ್ಯೂಬನ್ನು ಮೂರು ಸಲ ನೋಡುವ ಟೆಕ್ನೀಷಿಯನ್ ಯಾರಿಗೆ ಬೇಕು?

ಐದು ಗುರುವಾರ ನಾನು ಆ ಮನೆಗೆ ಹೋಗಿಲ್ಲ. ಮೊದಲನೆಯದು ಹೊರಟು, ಮೂರನೇ ಮಹಡಿ ಹತ್ತಿ, ಬಾಗಿಲ ಮುಂದೆ ನಿಂತು ವಾಪಸು ಬಂದೆ. ನಾನಲ್ಲ ಅಮ್ಮಾ, ನನ್ನ ತಮ್ಮ ಎಂದು ನಾನು ಹೇಗೆ ಹೇಳಲಿ? ಬಾಯಿಗೆ ಬರುವಾಗಲೇ ಜಾರಿಕೊಳ್ಳುವ ಮಾತಿನ ಹಾಗೆ ಕೇಳುತ್ತದೆ. ಹೇಳದೆ ಕೂತರೆ, ನನ್ನದಲ್ಲದ ತಪ್ಪಿಗೆ ಅವರು ಕೊಡುವ ಸಮಾಧಾನವನ್ನು ಹೊಟ್ಟೆಗೆ ಹಾಕಿಕೊಂಡು ಕೂರಬೇಕು. ಎರಡೂ ಆಗುವುದಿಲ್ಲ.

ನೀನು ಹೋಗು. ಆದೇಶದಲ್ಲಿ ಹೆಸರಿಲ್ಲ ಎಂದು ಕೊರಗುತ್ತಿದ್ದೆಯಲ್ಲ, ಅಲ್ಲಿ ಹೋಗಿ ಹೇಳು. ವಿಳಾಸ ಬೇರೆ ಚೀಟಿಯಲ್ಲಿದೆ. ಬಾಗಿಲು ತಟ್ಟಿ ಕಾಯಬೇಕು, ಅವರು ನಿಧಾನ.

ಅಕ್ಕ


ಆಗಸ್ಟ್ 22

ಅಕ್ಕ,

ನಿನ್ನೆ ಹೋಗಿದ್ದೆ.

ತಟ್ಟಿ ಕಾದೆ. ತೆಗೆದ ಕೂಡಲೇ "ಎಲ್ಲಿ ಹೋಗಿದ್ಯಮ್ಮಾ ಇಷ್ಟು ದಿನ?" ಅಂದರು. ಮಂಜುಗಣ್ಣಿಗೆ ನಾನು ನೀನಾಗಿ ಕಂಡಿದ್ದೆ. ಅಲ್ಲ, ತಮ್ಮ ಎಂದೆ. ಒಳಗೆ ಕರೆದರು. ಹೊಲಿಗೆ ಯಂತ್ರದ ಪಕ್ಕ ಬಣ್ಣ ಬಣ್ಣದ ದಾರ ಪೋಣಿಸಿದ ಸೂಜಿಗಳು ಸಾಲಾಗಿ ಚುಚ್ಚಿದ್ದವು, ಎಲ್ಲದರ ದಾರವೂ ಮುಗಿಯುತ್ತಾ ಬಂದಿತ್ತು.

ನಿಂತೇ ಹೇಳಿದೆ. ಕಾರ್ಡು, ಕರ್ನಲ್ ಎಂದೆಲ್ಲ ಶುರು ಮಾಡಿದೆ, ಅವರ ಮುಖ ನೋಡಿ ಬಿಟ್ಟೆ. ನನ್ನ ಕೆಲಸ ನಾನು ನೆಟ್ಟಗೆ ಮಾಡಲಿಲ್ಲ, ಅದರಿಂದ ನಿಮ್ಮ ಯಜಮಾನರು ಹೋದರು, ಗೊತ್ತಾಗಬಹುದಾಗಿದ್ದಾಗ ನಾನು ಬಾಯಿ ಮುಚ್ಚಿಕೊಂಡೆ, ಅಕ್ಕನ ತಪ್ಪು ಏನೂ ಇಲ್ಲ ಅಂದೆ. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ.

ಕೈಯಲ್ಲಿ ತಡವಿ ಕುರ್ಚಿ ಹಿಡಿದು ಕೂತರು. ಆಮೇಲೆ, "ನಿಮ್ಮ ಅಕ್ಕನಿಗೆ 'ಬಿಡಮ್ಮಾ' ಅನ್ನೋಕೆ ನನಗೆ ನಾಲ್ಕು ವರ್ಷ ಹಿಡೀತು. ಈಗ ನೀವು ಬಂದು ಅವಳಲ್ಲ, ನಾನು ಅಂತೀರಿ. ಮತ್ತೆ ಮೊದಲಿಂದ ಶುರು ಮಾಡೋಕೆ ನನ್ನ ಹತ್ರ ಅಷ್ಟು ವರ್ಷ ಇಲ್ಲಪ್ಪಾ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ನಾನು ಕೈಮುಗಿದು ಹೊರಟೆ. ಬಾಗಿಲ ತನಕ ಗೋಡೆ ಹಿಡಿದು ಬಂದರು. "ಅವಳನ್ನ ಕಳಿಸಿ" ಅಂದರು. "ತಪ್ಪೇ ಮಾಡದೋಳ ಮುಖಕ್ಕೆ ನಾಲ್ಕು ವರ್ಷ ಬಾಗಿಲು ಹಾಕಿದೀನಿ. ಅದಕ್ಕೆ ನಾನು ಅವಳ ಹತ್ರ ಏನ್ ಕೇಳ್ಕೋಬೇಕೋ ಕೇಳ್ಕೋಬೇಕು."

ಗುರುವಾರ ಹೋಗು ಅಕ್ಕ. ನನ್ನ ಮಾತು ಎತ್ತಬೇಡ.

ತಮ್ಮ